ನೇರಳೆ ತಿನ್ನೋಣ, ಮಾತ್ರೆ ಬಿಡುವುದು ಬೇಡ

ಶಂಕರ ದೊಡ್ಡಪ್ಪ: (ಫಾರ್ವರ್ಡ್) ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೇ ಚಮಚ! ನೇರಳೆ, ನೆಲ್ಲಿಕಾಯಿ, ಬ್ಲೂಬೆರ್ರಿ ಮೂರೂ ಒಂದೇ ಡಬ್ಬಿಯಲ್ಲಿ. ಓರಾಕ್ ಅಂಕ, ಅಂದರೆ ಆಂಟಿಆಕ್ಸಿಡೆಂಟ್ ಶಕ್ತಿಯ ಅಳತೆ, ಬೇರೆ ಹಣ್ಣುಗಳ ಹತ್ತು ಪಟ್ಟು. ಆಂಟಿಆಕ್ಸಿಡೆಂಟ್ ಇದ್ದಲ್ಲಿ ಕ್ಯಾನ್ಸರ್ ಸುಳಿಯುವುದಿಲ್ಲ. ಮೂರು ತಿಂಗಳಲ್ಲಿ ಶುಗರ್ ಮಾತ್ರೆ ನಿಲ್ಲಿಸಬಹುದು. ನಿಮ್ಮವರಿಗೆಲ್ಲ ಕಳಿಸಿ.

ಸೀತತ್ತೆ: ಎಲ್ಲಿ ಸಿಗುತ್ತೆ ಶಂಕರಣ್ಣ? ನಮ್ಮನೆಯವರ ಶುಗರ್ ಇಳಿಯುತ್ತಲೇ ಇಲ್ಲ.

ಶಂಕರ ದೊಡ್ಡಪ್ಪ: ಎರಡು ಡಬ್ಬಿ ತರಿಸಿದ್ದೇನೆ, ಒಂದು ನಿನಗೆ. ರೇಟು ಸ್ವಲ್ಪ ಜಾಸ್ತಿ. ಆದರೆ ಆರೋಗ್ಯದ ಮುಂದೆ ದುಡ್ಡು ನೋಡಬಾರದು.

ನಾನು: ದೊಡ್ಡಪ್ಪ, ನೇರಳೆ ಹಣ್ಣಿನ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಆದರೆ ‘ಮಾತ್ರೆ ನಿಲ್ಲಿಸಬಹುದು’ ಅನ್ನುವುದನ್ನು ದಯವಿಟ್ಟು ಯಾರೂ ನಂಬಬೇಡಿ. ಔಷಧಿ ಅಂಗಡಿಯಲ್ಲಿ ಕೂತು ನೋಡುತ್ತಲೇ ಇರುತ್ತೇನೆ. ಯಾವುದೋ ಪುಡಿ ಶುರು ಮಾಡಿ ಮಾತ್ರೆ ಬಿಟ್ಟಿರುತ್ತಾರೆ, ಆಮೇಲೆ ಶುಗರ್ ನಾನೂರು ದಾಟಿ, ಕಾಲಿನ ಗಾಯ ಮಾಯದೆ ಗಾಬರಿಯಲ್ಲಿ ಬರುತ್ತಾರೆ. ಮಾವ ಮಾತ್ರೆ ಬಿಟ್ಟಿಲ್ಲ ಅಲ್ವಾ ಅತ್ತೆ?

ಸೀತತ್ತೆ: ಇಲ್ಲ ಇಲ್ಲ, ಇನ್ನೂ ಬಿಟ್ಟಿಲ್ಲ.

ನಾನು: ಇನ್ನು ಮುಂದೆಯೂ ಬಿಡಬಾರದು.

ಶಂಕರ ದೊಡ್ಡಪ್ಪ: ನಿನಗೆ ಮಾತ್ರೆ ಮಾರಿ ಅಭ್ಯಾಸ ಸಹನಾ. ನಮ್ಮ ಅಮ್ಮ ನೆಲ್ಲಿಕಾಯಿ ತಂಬುಳಿ, ಮುರುಗಲ ಸಾರು ಅಂತ ಮಾಡಿಕೊಂಡೇ ತೊಂಬತ್ತು ದಾಟಿದಳು. ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅದೆಲ್ಲ ಸುಳ್ಳಾ?

ನಾನು: ಯಾಕೆ ಸುಳ್ಳಾಗುತ್ತೆ? ಅಜ್ಜಿ ಅದನ್ನು ಅನ್ನದ ಜೊತೆ ತಿಂದಳು, ಬೆಳಿಗ್ಗೆಯಿಂದ ಸಂಜೆವರೆಗೆ ತೋಟ ಸುತ್ತಿದಳು. ಅದನ್ನು ಮಾಡಿ ಅಂದರೆ ನಾನೂ ಒಪ್ಪುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿ, 100 ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು 250 ಮಿಲಿಗ್ರಾಂ ವಿಟಮಿನ್ ಸಿ. ಪೇರಲೆಯಲ್ಲೂ 200ರ ಮೇಲೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿದ್ದು 80ರ ಆಸುಪಾಸು. ಹಿತ್ತಲಲ್ಲಿ ಉದುರುವ ಹಣ್ಣಿಗೆ ಇಷ್ಟು ಸತ್ವ ಇರುವಾಗ ಡಬ್ಬಿ ಯಾಕೆ?

ವಿನಯಣ್ಣ: ಆದರೆ ಓರಾಕ್ ಅನ್ನುವುದು ವಿಜ್ಞಾನವೇ ತಾನೇ? ಅಮೆರಿಕದ ಸರ್ಕಾರವೇ ಪಟ್ಟಿ ಮಾಡಿತ್ತು, ನಾನೂ ನೋಡಿದ್ದೇನೆ.

ನಾನು: ಮಾಡಿತ್ತು, ಸರಿ. ಅವರ ಕೃಷಿ ಇಲಾಖೆ 2007ರಲ್ಲಿ ಹಾಕಿತು, 2012ರಲ್ಲಿ ತಾನೇ ತೆಗೆದುಹಾಕಿತು. ಈ ಅಂಕವನ್ನು ಅಳೆಯುವುದು ಗಾಜಿನ ಕೊಳವೆಯಲ್ಲಿ, ಮನುಷ್ಯನ ಮೈಯಲ್ಲಿ ಅದರಿಂದ ಇಂಥದ್ದೇ ಆಗುತ್ತೆ ಅಂತ ಹೇಳಲು ಬರುವುದಿಲ್ಲ, ಕಂಪನಿಗಳು ಇದನ್ನು ಜಾಹೀರಾತಿಗೆ ದುರುಪಯೋಗ ಮಾಡಿಕೊಳ್ಳುತ್ತಿವೆ ಅಂತ ಅವರೇ ಕಾರಣ ಕೊಟ್ಟರು. ನೇರಳೆ ತಿಂದಾಗ ನಾಲಿಗೆಗೆ ಬಣ್ಣ ಹಿಡಿಯುತ್ತಲ್ಲ, ಅದು ಆಂಥೋಸಯಾನಿನ್ ಅನ್ನುವ ಆಂಟಿಆಕ್ಸಿಡೆಂಟ್. ಬ್ಲೂಬೆರ್ರಿಯ ಬಣ್ಣವೂ ಅದೇ ಜಾತಿಯದು. ತಿಂದದ್ದರಲ್ಲಿ ಹಾಗೇ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಮಿಕ್ಕಿದ್ದನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆಯದೇ ಮಾಡುತ್ತವೆ. ಕೊಳವೆಯ ಲೆಕ್ಕ ಹೊಟ್ಟೆಗೆ ಹೊಂದುವುದಿಲ್ಲ.

ಮತ್ತೆ ವಿನಯಣ್ಣ, ಬೇಜಾರು ಮಾಡಿಕೊಳ್ಳಬೇಡ, ಇದು ನಿನಗೇ ಹೇಳುವುದು. ನೀನು ಸಿಗರೇಟು ಬಿಟ್ಟಿಲ್ಲ, ಅದಕ್ಕೆ ಪರಿಹಾರ ಅಂತ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಲ್ಲಿರುವ ಆಂಟಿಆಕ್ಸಿಡೆಂಟ್) ಮಾತ್ರೆ ನುಂಗುತ್ತಿದ್ದೀಯಂತೆ, ಅತ್ತಿಗೆ ಹೇಳಿದರು. ಫಿನ್ಲೆಂಡಿನಲ್ಲಿ 29,000ಕ್ಕೂ ಜಾಸ್ತಿ ಸಿಗರೇಟು ಸೇದುವ ಗಂಡಸರ ಮೇಲೆ ಪರೀಕ್ಷೆ ಮಾಡಿದ್ದರು, ಫಲಿತಾಂಶ ಬಂದಿದ್ದು 1994ರಲ್ಲಿ. ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಆಗಿತ್ತು. ಅಮೆರಿಕದಲ್ಲೂ ಇಂಥದ್ದೇ ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿನ್ನು, ಪಪ್ಪಾಯಿ ತಿನ್ನು, ಎಷ್ಟು ಬೇಕಾದರೂ ತಿನ್ನು. ಆ ಮಾತ್ರೆ ಇವತ್ತೇ ನಿಲ್ಲಿಸು.

ವಿನಯಣ್ಣ: ಇದು ನನಗೆ ಯಾರೂ ಹೇಳಿರಲಿಲ್ಲ. ಲಿಂಕ್ ಇದ್ದರೆ ಕಳಿಸು.

ನಾನು: ಕಳಿಸುತ್ತೇನೆ.

ಶಂಕರ ದೊಡ್ಡಪ್ಪ: ಅವನ ಮಾತ್ರೆ ಬೇರೆ, ನನ್ನದು ಬರೀ ಹಣ್ಣಿನ ಪುಡಿ. ಶುಗರ್‌ಗೆ ಬೆರ್ರಿ ಒಳ್ಳೆಯದು ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಾರೆ.

ನಾನು: ಹಣ್ಣು ಒಳ್ಳೆಯದು ಅಂತ ಹೇಳುತ್ತಾರೆ ದೊಡ್ಡಪ್ಪ. 2013ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಸುಮಾರು 1.87 ಲಕ್ಷ ಜನರ ಲೆಕ್ಕ ಬಂದಿತ್ತು. ಬ್ಲೂಬೆರ್ರಿ, ದ್ರಾಕ್ಷಿ, ಸೇಬು ಇಡೀ ಹಣ್ಣಾಗಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಬರುವುದು ಕಡಿಮೆ, ಜ್ಯೂಸ್ ಕುಡಿಯುವವರಲ್ಲಿ ಸ್ವಲ್ಪ ಜಾಸ್ತಿ. ಹಣ್ಣು ತಿನ್ನುವವರು ಬೇರೆ ವಿಷಯದಲ್ಲೂ ಶಿಸ್ತಾಗಿರುತ್ತಾರೆ, ಹಾಗಾಗಿ ಪೂರ್ತಿ ಹಣ್ಣಿನದೇ ಮಹಿಮೆ ಅನ್ನಲು ಆಗುವುದಿಲ್ಲ. ಆದರೂ ನಾನು ನಂಬುವ ಮಾತು ಇದು: ಜಗಿದು ತಿನ್ನಬೇಕು, ನಾರು ಹೊಟ್ಟೆಗೆ ಹೋಗಬೇಕು. ಮತ್ತೆ ಅದು ಕಾಯಿಲೆ ಬರದಂತೆ ತಡೆಯುವ ಲೆಕ್ಕ. ಬಂದ ಕಾಯಿಲೆಗೆ ಮಾತ್ರೆ ಬದಲು ಹಣ್ಣು ಅಂತ ಅದರಲ್ಲಿ ಎಲ್ಲೂ ಇಲ್ಲ.

ಒಂದು ಕೆಲಸ ಮಾಡಿ. ಡಬ್ಬಿಯ ಹಿಂಭಾಗದ ಫೋಟೋ ಹಾಕಿ.

ಶಂಕರ ದೊಡ್ಡಪ್ಪ: (ಫೋಟೋ)

ವಿನಯಣ್ಣ: ಅಪ್ಪಾ, ಮೊದಲ ಹೆಸರೇ ಮಾಲ್ಟೋಡೆಕ್ಸ್ಟ್ರಿನ್. ನೇರಳೆ ಮೂರನೆಯದು, ಬ್ಲೂಬೆರ್ರಿ ಕೊನೆಯಲ್ಲಿದೆ.

ನಾನು: ಯಾವುದು ಜಾಸ್ತಿ ತೂಕ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ. ಮಾಲ್ಟೋಡೆಕ್ಸ್ಟ್ರಿನ್ ಅಂದರೆ ಪಿಷ್ಟದಿಂದ ಮಾಡಿದ ಪುಡಿ, ಸಕ್ಕರೆಯಷ್ಟೇ ಬೇಗ ಶುಗರ್ ಏರಿಸುತ್ತೆ. ಕೆಳಗೆ ಸಣ್ಣಕ್ಷರದಲ್ಲಿ ‘ಔಷಧಿಯಾಗಿ ಬಳಸಲು ಅಲ್ಲ’ ಅಂತಲೂ ಇದೆ, ಝೂಮ್ ಮಾಡಿ ನೋಡಿ. ಫಾರ್ವರ್ಡ್‌ನಲ್ಲಿ ಮಾತ್ರೆ ಬಿಡಿಸುತ್ತಾರೆ, ಡಬ್ಬಿಯ ಮೇಲೆ ಔಷಧಿ ಅಲ್ಲ ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ, ನಿಮ್ಮ ಮೇಲಲ್ಲ.

ಸೀತತ್ತೆ: ಹಾಗಾದರೆ ಪುಡಿ ಬೇಡ ಬಿಡು. ಇವರಿಗೆ ಮನೆಯ ಧಾರೆಹುಳಿ (ಸ್ಟಾರ್ ಫ್ರೂಟ್) ಜ್ಯೂಸ್ ಕೊಡುತ್ತಿದ್ದೇನೆ, ಅದರಲ್ಲೂ ಆಂಟಿಆಕ್ಸಿಡೆಂಟ್ ಇದೆಯಂತೆ. ಅದು ಪರವಾಗಿಲ್ಲ ಅಲ್ವಾ?

ನಾನು: ಅತ್ತೆ, ಬೇಡವೇ ಬೇಡ! ಮಾವನ ಕ್ರಿಯಾಟಿನಿನ್ ಜಾಸ್ತಿ ಇದೆ ಅಂದಿದ್ದಿರಿ. ಕಿಡ್ನಿ ತೊಂದರೆ ಇದ್ದವರಿಗೆ ಧಾರೆಹುಳಿ ವಿಷದ ಹಾಗೆ. ಅದರಲ್ಲಿ ಮಿದುಳಿಗೆ ಹೊಡೆಯುವ ಒಂದು ಅಂಶ ಇದೆ, ಒಳ್ಳೆಯ ಕಿಡ್ನಿ ಅದನ್ನು ಹೊರಹಾಕುತ್ತೆ, ಸೋತ ಕಿಡ್ನಿಗೆ ಆಗುವುದಿಲ್ಲ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ಬಂದು ಜೀವಕ್ಕೇ ಅಪಾಯ ಆದದ್ದಿದೆ. ಜೊತೆಗೆ ಕಿಡ್ನಿಗೆ ಹಾನಿ ಮಾಡುವ ಆಕ್ಸಲೇಟ್ ಬೇರೆ. ಮಾವನಿಗೆ ಬಿಕ್ಕಳಿಕೆ ಏನಾದರೂ ಬಂದಿತ್ತಾ?

ಸೀತತ್ತೆ: ಅಯ್ಯೋ. ಇಲ್ಲ. ನೇರಳೆ, ನೆಲ್ಲಿಕಾಯಿ ಕೊಡಬಹುದಾ?

ನಾನು: ಅದನ್ನು ಕಿಡ್ನಿ ಡಾಕ್ಟರ್ ಹತ್ತಿರ ಕೇಳಿ, ಪೊಟ್ಯಾಸಿಯಂ ರಿಪೋರ್ಟ್ ನೋಡಿ ಹೇಳುತ್ತಾರೆ.

ಶಂಕರ ದೊಡ್ಡಪ್ಪ: ಸೀತಾ, ಆ ಡಬ್ಬಿ ನಿನಗೆ ಕೊಡುವುದಿಲ್ಲ. ನಾನೂ ಮಾತ್ರೆ ಬಿಡುವುದಿಲ್ಲ. ಆದರೆ ಹಣ್ಣಿಗೆ ಶಕ್ತಿ ಇಲ್ಲ ಅಂತ ಮಾತ್ರ ನಾನು ಒಪ್ಪುವುದಿಲ್ಲ ಸಹನಾ.

ನಾನು: ಒಪ್ಪಬೇಡಿ, ನಾನು ಹಾಗೆ ಹೇಳಿಯೂ ಇಲ್ಲ. ಅತ್ತೆ, ಬಿಕ್ಕಳಿಕೆ ಬಂದರೆ ಅಥವಾ ಮಾತು ತೊದಲಿದರೆ ರಾತ್ರಿಯಾದರೂ ಸರಿ, ಡಯಾಲಿಸಿಸ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಏನೂ ಇಲ್ಲದಿದ್ದರೂ ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ, ಧಾರೆಹುಳಿ ಎಷ್ಟು ದಿನ ಕೊಟ್ಟಿರಿ, ಎಷ್ಟು ಲೋಟ, ಎಲ್ಲ ಹೇಳಿ. ನಾನೂ ಈಗಲೇ ಫೋನ್ ಮಾಡುತ್ತೇನೆ, ಎತ್ತಿ.