ಚೋರ್ಲಾ ಘಾಟ್ ಮಳಿ, ತಾಳಿಕೋಟಿ ಎರಿ ರಾಡಿ, ಡಿಸೆಂಬರ್‌ನಾಗ ಮನಾಲಿ: ಒಂದು ಕಾರಿಗೆ ಯಾವ ಟೈರ್?

ಟಿಳಕವಾಡಿ_185

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಫ್ರಂಟ್ ವ್ಹೀಲ್ ಡ್ರೈವ್. ಕಂಪನಿ ಕೊಟ್ಟ ಟೈರ್ 185/65 ಆರ್15 88ಎಚ್. ನಾಲ್ಕರದೂ ಟ್ರೆಡ್ (ನೆಲಕ್ಕ ಹತ್ತೋ ಮೈಮ್ಯಾಲಿನ ಕಾಲುವಿ ಆಳ) 2.5 ಮಿ.ಮೀ.ಗೆ ಇಳದೈತಿ, ಮಳಿ ಹಿಡಿಯೋದರಾಗ ಬದಲಿ ಮಾಡಬೇಕು.

ಓಡಾಟ ಹಿಂಗ ಐತಿ: ಜಾಂಬೋಟಿ, ಕಣಕುಂಬಿ ಮ್ಯಾಲೆ ಚೋರ್ಲಾ ಘಾಟ್ ಇಳದು ಗೋವಾಕ್ಕ ಮಳಿಗಾಲದಾಗೂ ಹೋಗೋದು ಬರ್ತೈತಿ. ತಾಳಿಕೋಟಿ ಕಡೆ ಹೊಲ, ಕಡೀ 3 ಕಿ.ಮೀ. ಎರಿ ಮಣ್ಣಿನ ದಾರಿ. ಡಿಸೆಂಬರ್‌ಗೆ ಇದ ಗಾಡಿ ತಗೊಂಡು ಮನಾಲಿಗೆ ಹೋಗೋ ವಿಚಾರ ಐತಿ. ವಿಂಟರ್ ಟೈರ್ ಹಾಕಿಸಿದ್ರ ಮಳಿ, ರಾಡಿ, ಹಿಮ ಮೂರಕ್ಕೂ ಆಗ್ತೈತೇನ್ರಿ? ಅಂಗಡಿಯವರು ಆಲ್ ಟೆರೇನ್ (ಡಾಂಬರ್, ಕಚ್ಚಾ ದಾರಿ ಎರಡಕ್ಕೂ ಅನ್ನೋ ಟೈರ್) ಹಾಕ್ರಿ ಅಂತಾರ. 195/65 ಹಾಕಿದ್ರ ಗ್ರಿಪ್ ಹೆಚ್ಚಾಗ್ತೈತಿ ಅಂತನೂ ಅಂತಾರ. ಖರೇ ಏನು?

ಉದ್ಯಮಬಾಗ್

ಮೊದಲು ವಿಂಟರ್ ಟೈರಿನ ವಿಷಯ. ಇಲ್ಲಿ ಅದನ್ನು ಹಾಕಿಸಲೇಬೇಡಿ. ಹವೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರ್ ಗಡಸಾಗಿ ರಸ್ತೆಯನ್ನು ಕಚ್ಚುವುದು ಕಡಿಮೆಯಾಗುತ್ತದೆ. ವಿಂಟರ್ ಟೈರಿನಲ್ಲಿ ಸಿಲಿಕಾ ಮತ್ತು ನೈಸರ್ಗಿಕ ರಬ್ಬರ್ ಪಾಲು ಹೆಚ್ಚಿರುವುದರಿಂದ ಅದು ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಬೆಳಗಾವಿಯಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಸಾಮಾನ್ಯವಾಗಿ 12ರಿಂದ 14 ಡಿಗ್ರಿ ಇರುತ್ತದೆ, ಅಂದರೆ ನಮ್ಮ ಚಳಿ ಮಾಮೂಲಿ ಟೈರಿಗೆ ಚಳಿಯೇ ಅಲ್ಲ. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ದಾಟಿದಾಗ ಡಾಂಬರು 60ರ ಹತ್ತಿರ ಕಾಯುತ್ತದೆ. ಅಲ್ಲಿ ಆ ಮೆತ್ತನೆಯ ರಬ್ಬರ್ ಹೊಯ್ದಾಡುತ್ತದೆ, ಬ್ರೇಕ್ ಹಾಕಿದರೆ ಗಾಡಿ ದೂರ ಹೋಗಿ ನಿಲ್ಲುತ್ತದೆ, ಟ್ರೆಡ್ ಬೇಗ ಸವೆಯುತ್ತದೆ.

ಹೊರದೇಶದ ಟೈರ್ ನೋಡುವಾಗ ಗುರುತುಗಳ ವ್ಯತ್ಯಾಸ ಗೊತ್ತಿರಲಿ. ‘ಎಂ+ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅನ್ನುವುದು ತಯಾರಕರು ತಾವೇ ಹಾಕಿಕೊಳ್ಳುವ ಗುರುತು, ಅದಕ್ಕೆ ಪರೀಕ್ಷೆ ಬೇಕಿಲ್ಲ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವು ಇದ್ದರೆ ಅದು ಹಿಮದ ಮೇಲೆ ಪರೀಕ್ಷೆಯಾದ ಟೈರ್. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಚಳಿಗಾಲದ ರಸ್ತೆಗೆ ಬೆಟ್ಟದ ಗುರುತೇ ಕಡ್ಡಾಯ, ಬರೀ ‘ಎಂ+ಎಸ್’ ನಡೆಯುವುದಿಲ್ಲ. ಇಲ್ಲಿ ಎಸ್‌ಯುವಿ ಟೈರುಗಳ ಮೇಲೆ ‘ಎಂ+ಎಸ್’ ನೋಡಿ ಹಿಮದ ಟೈರ್ ಅಂದುಕೊಳ್ಳುವವರು ಬಹಳ.

ನಿಮಗೆ ನಿಜವಾಗಿ ಬೇಕಿರುವುದು ಒದ್ದೆ ರಸ್ತೆಯಲ್ಲಿ ಹಿಡಿಯುವ ಒಳ್ಳೆಯ ರೋಡ್ ಟೈರ್. ನೇರವಾಗಿ ಓಡುವ ಅಗಲವಾದ ನಾಲ್ಕು ಕಾಲುವೆ ಇರುವ ಟ್ರೆಡ್ ನೋಡಿ. ಹೊಸ ಟೈರಿನ ಕಾಲುವೆ 7ರಿಂದ 8 ಮಿ.ಮೀ. ಆಳ ಇರುತ್ತದೆ. ಕಾನೂನು 1.6ರವರೆಗೆ ಬಿಡುತ್ತದೆ, ಆದರೆ ಘಾಟಿನ ಮಳೆಗೆ 3 ಮಿ.ಮೀ.ಗೇ ಬದಲಿಸುವುದು ಸರಿ. ಕಾಲುವೆ ತೆಳುವಾದಷ್ಟೂ ನೀರು ಹೊರಹೋಗದೆ ಟೈರಿನ ಕೆಳಗೇ ಉಳಿದು ಗಾಡಿಯನ್ನು ಎತ್ತುತ್ತದೆ. ಆಗ ಸ್ಟೇರಿಂಗ್ ಹಗುರವಾಗಿ ತಿರುಗಿದರೂ ಗಾಡಿ ತಿರುಗುವುದಿಲ್ಲ.

ಇಲ್ಲಿ ಟೈರಿನೊಳಗಿನ ಹವಾದ ಪಾತ್ರ ದೊಡ್ಡದು. ಕಾಲುವೆ ಮೀರಿ ನೀರು ನಿಂತ ರಸ್ತೆಯಲ್ಲಿ ಟೈರ್ ಯಾವ ವೇಗಕ್ಕೆ ತೇಲುತ್ತದೆ ಅನ್ನುವುದಕ್ಕೆ ವಿಮಾನದ ಟೈರುಗಳಿಂದ ಬಂದ ಹಳೆಯ ಲೆಕ್ಕ ಒಂದಿದೆ: ಪಿಎಸ್‌ಐ (ಹವಾ ಒತ್ತಡದ ಅಳತೆ) ಅಂಕಿಯ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮೈಲಿ ಅಂತ ಬರುತ್ತದೆ. 33 ಪಿಎಸ್‌ಐಗೆ ಸುಮಾರು 96 ಕಿ.ಮೀ., 25ಕ್ಕೆ 83 ಕಿ.ಮೀ. ಕಾರಿಗೆ ಇದು ಅಂದಾಜು ಮಾತ್ರ, ಆದರೂ 8 ಪಿಎಸ್‌ಐ ಕಡಿಮೆ ಇದ್ದರೆ ಎಷ್ಟು ಬೇಗ ಹಿಡಿತ ತಪ್ಪುತ್ತದೆ ಅನ್ನುವುದು ಗೊತ್ತಾಗುತ್ತದೆ. ಮಳೆಗಾಲಕ್ಕೆ ಹವಾ ಕಮ್ಮಿ ಇರಲಿ ಅನ್ನುವ ಮಾತು ಕೇಳಬೇಡಿ. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಇದ್ದಷ್ಟು, ಪೂರ್ತಿ ಲೋಡ್ ಇದ್ದಾಗ ಅದರಲ್ಲೇ ಬರೆದ ಹೆಚ್ಚಿನ ಅಂಕಿ.

ಆಲ್ ಟೆರೇನ್ ನಿಮ್ಮ ಹ್ಯಾಚ್‌ಬ್ಯಾಕಿಗೆ ಹೊಂದುವುದಿಲ್ಲ. ಅದರ ಟ್ರೆಡ್‌ನ ದಪ್ಪ ರಬ್ಬರ್ ಗಟ್ಟಿಗಳ ನಡುವೆ ಜಾಗ ಹೆಚ್ಚು, ಅಷ್ಟರಮಟ್ಟಿಗೆ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ. ಒದ್ದೆ ಡಾಂಬರಿನಲ್ಲಿ ಬ್ರೇಕಿಂಗ್ ರೋಡ್ ಟೈರಿಗಿಂತ ಉದ್ದವಾಗುತ್ತದೆ, ತೂಕ ಮತ್ತು ಸದ್ದು ಹೆಚ್ಚು, ಮೈಲೇಜ್ ಇಳಿಯುತ್ತದೆ. ನೀವು ಘಾಟ್ ಇಳಿಯುವವರು, ನಿಮಗೆ ಬ್ರೇಕಿಂಗ್ ಮುಖ್ಯ.

ಸೈಜಿನ ಲೆಕ್ಕ: 185/65 ಆರ್15 ಅಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ 65, ರಿಮ್ 15 ಇಂಚು. ಅದರ ಒಟ್ಟು ವ್ಯಾಸ 621.5 ಮಿ.ಮೀ. 195/65 ಹಾಕಿದರೆ 634.5, ಅಂದರೆ ಶೇ 2ರಷ್ಟು ದೊಡ್ಡದು. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಲೈನರ್‌ಗೆ ತಾಗಬಹುದು. ಇನ್ನೊಂದು, ಅದೇ ಹವಾಕ್ಕೆ ಅಗಲ ಹೆಚ್ಚಾದರೆ ನಿಂತ ನೀರನ್ನು ಸೀಳಿ ಹೋಗುವುದೂ ಕಷ್ಟ. ಕಂಪನಿ ಸೈಜೇ ಇರಲಿ.

ಖರೀದಿಸುವಾಗ ಐಎಸ್‌ಐ ಗುರುತು ನೋಡಿ. ಟೈರಿನ ಪಕ್ಕದಲ್ಲಿ ‘ಡಾಟ್’ ಅಂತ ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ (3524 ಅಂದರೆ 2024ರ 35ನೇ ವಾರ). ಒಂದು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ. 88 ಅಂದರೆ ಒಂದು ಟೈರಿಗೆ 560 ಕೆ.ಜಿ. ಭಾರ, ಎಚ್ ಅಂದರೆ ಗಂಟೆಗೆ 210 ಕಿ.ಮೀ. ಇವೆರಡಕ್ಕಿಂತ ಕೆಳಗೆ ಇಳಿಯಬೇಡಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹಾಕಿದ ಮೊದಲ 300 ಕಿ.ಮೀ. ಮೈಮೇಲಿನ ಜಾರುವ ಪದರ ಹೋಗುವವರೆಗೆ ಘಾಟಿನಲ್ಲಿ ನಿಧಾನ. ಜತೆಗೆ ವಾಲ್ವ್ ಹೊಸದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ನಟ್ಟುಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ.

ಡೋಣಿದಂಡಿ

ಮ್ಯಾಲೆ ಹೇಳಿದ್ದು ಡಾಂಬರಿಗೆ ಸರಿ ಅದ. ಎರಿ ಮಣ್ಣಿಂದು ಬ್ಯಾರೆನೇ ಅದ, ನಾ ಹೇಳ್ತೀನಿ.

ಎರಿ ಮಣ್ಣು ನೀರು ಕುಡದ್ರ ಉಬ್ಬತದ, ಅಂಟತದ. ಗಾಲಿ ಎರಡು ಸುತ್ತು ತಿರಗೋದ್ರಾಗ ಟ್ರೆಡ್ ಸಂದಿ ಎಲ್ಲಾ ತುಂಬಿ ಟೈರ್ ಬೋಳಾಗತದ. ಆಮ್ಯಾಲೆ ಅದು ರೋಡ್ ಟೈರ್ ಇರಲಿ, ವಿಂಟರ್ ಇರಲಿ, ಆಲ್ ಟೆರೇನ್ ಇರಲಿ, ಫರಕ್ ಇಲ್ಲ. ಮಡ್ ಟೈರಿನ ದೊಡ್ಡ ಸಂದಿ ಮಣ್ಣು ಒಗಿಬೇಕಂದ್ರ ಗಾಲಿ ಜೋರಾಗಿ ತಿರಗಬೇಕು, ಅದಕ್ಕ ಫೋರ್ ಬೈ ಫೋರ್ ಗಾಡಿ ಬೇಕು. ಹ್ಯಾಚ್‌ಬ್ಯಾಕಿಗೆ ರೊಕ್ಕ ಹಾಕಿ ಆ ರಾಡಿ ಗೆಲ್ಲಾಕ ಆಗಂಗಿಲ್ರಿ. ಮಳಿ ಬಿದ್ದ ದಿನ ಗಾಡಿ ಡಾಂಬರ್ ಮ್ಯಾಲೇ ಬಿಟ್ಟು ನಡ್ಕೊಂಡು ಹೋಗ್ರಿ. ಒಂದು ದಿನ ಚಲೋ ಬಿಸಿಲು ಬಿದ್ದು ಮ್ಯಾಲಿನ ಪದರ ಹೆಪ್ಪುಗಟ್ಟಿದ ಮ್ಯಾಲೆ ಒಳಗ ಒಯ್ರಿ.

ಸಿಕ್ಕೊಂಡ್ರ ಆಕ್ಸಿಲರೇಟರ್ ತುಳಿಬ್ಯಾಡ್ರಿ. ಗಾಲಿ ತಿರಗಿದಷ್ಟೂ ಕೆಳಗ ಇಳಿತದ, ಗಾಡಿ ಹೊಟ್ಟಿ ಮಣ್ಣಿಗೆ ಕೂತ್ರ ಟ್ರ್ಯಾಕ್ಟರೇ ಗತಿ. ಮುಂದಿನ ಗಾಲಿ ಹವಾ 20ರಿಂದ 22ಕ್ಕ ಇಳಿಸ್ರಿ, ಗಾಲಿ ಮುಂದಿನ ಮಣ್ಣು ಸಲಿಕಿಲೆ ತಗೀರಿ, ಜ್ವಾಳದ ಕಣಕಿ ಉದ್ದಕ್ಕ ಹಾಸ್ರಿ, ಸ್ಟೇರಿಂಗ್ ನೆಟ್ಟಗ ಇಟ್ಟು ಸೆಕೆಂಡ್ ಗೇರಿನಾಗ ಕ್ಲಚ್ ಸಾವಕಾಶ ಬಿಡ್ರಿ. ತೊಗರಿ ಕಟಗಿ, ಹತ್ತಿ ಕಟಗಿ ಮಾತ್ರ ಹಾಸಬ್ಯಾಡ್ರಿ, ಕೊಯ್ದ ತುದಿ ಸೈಡ್‌ವಾಲ್ (ಟೈರಿನ ಬಾಜೂ ಮೈ) ಒಳಗ ಹೋಗತದ. ಹೊರಗ ಬಂದ ಮ್ಯಾಲೆ 30ರ ಮ್ಯಾಲೆ ಓಡಸಬ್ಯಾಡ್ರಿ, ಹವಾ ತುಂಬಿಸೇ ಹೈವೇ ಹತ್ರಿ. ಗಾಡ್ಯಾಗ 12 ವೋಲ್ಟಿನ ಸಣ್ಣ ಪಂಪ್ ಇರಲೇಬೇಕು.

ಭಾಳ ಮಂದಿ ಬಿಡೋದು ಇದು: ರಾಡಿ ರಿಮ್ಮಿನ ಒಳಮೈಗೆ ಹತ್ತಿ ಒಣಗಿರತದ. ಮರುದಿನ 80ರ ಮ್ಯಾಲೆ ಸ್ಟೇರಿಂಗ್ ನಡುಗಾಕ ಹತ್ತತದ, ಸೀದಾ ಬ್ಯಾಲೆನ್ಸಿಂಗಿಗೆ ಹೋಗ್ತಾರ. ಮೊದಲ ರಿಮ್ಮಿನ ಒಳಗಡೆ ನೀರು ಬಿಟ್ಟು ತೊಳಸ್ರಿ, ಅರ್ಧ ಕೇಸು ಅಲ್ಲೇ ಮುಗಿತಾವ. ಒಳಗಿನ ಬ್ರೇಕ್ ಪೈಪಿನ ಸುತ್ತನೂ ಮಣ್ಣು ತಗೀರಿ.

ಬ್ಯಾಸಿಗ್ಯಾಗ ಜಾಲಿ ಮುಳ್ಳು. ಮುಳ್ಳು ಮುರದು ಒಳಗ ಉಳಿತದ, ಹವಾ ವಾರಕ್ಕ 3, 4 ಪಿಎಸ್‌ಐ ಇಳಿತದ, ಮ್ಯಾಲೆ ಏನೂ ಕಾಣಂಗಿಲ್ಲ. ಸಬಕಾರ ನೀರು ಹಚ್ಚಿ ನೋಡ್ರಿ. ಟೈರ್ ಬಿಚ್ಚಿಸಿ ಒಳಗಿನ ಮುಳ್ಳಿನ ತುದಿ ತಗಿಸಿ ಒಳಗಿನಿಂದ ಪ್ಯಾಚ್ ಹಚ್ಚಸ್ರಿ. ಹೊರಗಿಂದ ಬರೇ ಬತ್ತಿ ತುರುಕಿದ್ರ ಸಣ್ಣ ತೂತು ದೊಡ್ಡದಾಗತದ.

ಮುಧೋಳ_ನಾಕಾ

ಇಬ್ಬರೂ ಬಿಟ್ಟಿದ್ದು ನಮ್ಮ ಭಾಗದ ಚಳಿಗಾಲದ ರಸ್ತೆ. ಗೋಕಾಕ, ಮುಧೋಳ, ಜಮಖಂಡಿ, ಅಥಣಿ ಸುತ್ತ ನವೆಂಬರ್‌ನಿಂದ ಕಬ್ಬಿನ ಹಂಗಾಮು. ಡಬಲ್ ಟ್ರೇಲರಿನಿಂದ ಬಿದ್ದ ರವದಿ (ಕಬ್ಬಿನ ಒಣ ಎಲೆ), ಜಜ್ಜಿದ ಕಬ್ಬು, ಹೊಲದಿಂದ ಬಂದ ಮಣ್ಣು, ಮೇಲೆ ಬೆಳಗಿನ ಇಬ್ಬನಿ. ಬೆಳಗ್ಗೆ 8ರ ಒಳಗೆ ಇದು ಮಳೆ ರಸ್ತೆಗಿಂತ ಹೆಚ್ಚು ಜಾರುತ್ತದೆ, ಯಾಕಂದರೆ ಟೈರಿಗೂ ಡಾಂಬರಿಗೂ ನಡುವೆ ಹಾಸು ಬಿದ್ದಿರುತ್ತದೆ. ಎಬಿಎಸ್ ಬ್ರೇಕ್ ಒತ್ತಿದಾಗ ಗಾಲಿ ತಿರುಗುವುದು ನಿಂತು ಜಾರದಂತೆ ತಡೆಯುತ್ತದೆ, ಇಂಥ ಹಾಸಿನ ಮೇಲೆ ಗಾಡಿ ನಿಲ್ಲುವ ದೂರ ಕಡಿಮೆ ಮಾಡುವುದಿಲ್ಲ. ಕಾರ್ಖಾನೆಗೆ ತಿರುಗುವ ಕ್ರಾಸಿನ 200 ಮೀಟರ್ ಮೊದಲೇ 40ಕ್ಕೆ ಇಳಿಸಿ.

ಹವಾ ಬಗ್ಗೆ ಒಂದು ಮಾತು ಸೇರಿಸಬೇಕು. ಮಧ್ಯಾಹ್ನ 34 ಡಿಗ್ರಿಯಲ್ಲಿ 33 ತುಂಬಿಸಿದರೆ ಮರುದಿನ ಬೆಳಗ್ಗೆ 14 ಡಿಗ್ರಿಯಲ್ಲಿ ಅದು 30 ತೋರಿಸುತ್ತದೆ. ಸೋರಿಕೆ ಅಲ್ಲ, 10 ಡಿಗ್ರಿಗೆ ಒಂದೂವರೆ ಪಿಎಸ್‌ಐ ಇಳಿಯುವುದು ಸಹಜ. ಅದಕ್ಕೇ ಗಾಡಿ ಓಡುವ ಮೊದಲು, ಬೆಳಗಿನ ತಂಪಿನಲ್ಲಿ ನೋಡಿ ತುಂಬಿಸಿ. ಓಡಿ ಬಂದಾಗ 4ರಿಂದ 6 ಹೆಚ್ಚು ಕಂಡರೆ ಬಿಡಿಸಬೇಡಿ. ಬೇಸಿಗೆಯಲ್ಲಿ ಸೊಲ್ಲಾಪುರ–ವಿಜಯಪುರ ಹೈವೇಯಲ್ಲಿ ಟೈರ್ ಸಿಡಿಯುವುದು ಹವಾ ಹೆಚ್ಚಾಗಿ ಅಂತ ಜನ ಹೇಳುತ್ತಾರೆ. ಬಹುಪಾಲು ಹವಾ ಕಡಿಮೆಯಾಗಿಯೇ ಸಿಡಿಯುವುದು: ಸೈಡ್‌ವಾಲ್ ಮಡಿದು ಮಡಿದು ಒಳಗೇ ಕಾದು ಎಳೆಗಳು ಬಿಡುತ್ತವೆ. ನೈಟ್ರೋಜನ್‌ಗೆ ದುಡ್ಡು ಕೊಡುವ ಅಗತ್ಯವಿಲ್ಲ, ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ತಗ್ಗಿಗೆ ಬಿದ್ದು ಸೈಡ್‌ವಾಲ್‌ನಲ್ಲಿ ಗುಳ್ಳೆ ಎದ್ದರೆ ಒಳಗಿನ ದಾರ ಹರಿದಿದೆ ಅಂತಲೇ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಸ್ಟೆಪ್ನಿಯಾಗಿಯೂ ಇಡಬೇಡಿ.

ಟಿಳಕವಾಡಿ_185

ಭಾಳ ಉಪಕಾರ ಆತ್ರಿ. ಹಂಗಾದ್ರ ಕಂಪನಿ ಸೈಜಿಂದು ರೋಡ್ ಟೈರ್ ನಾಲ್ಕೂ ಹಾಕಿಸ್ತೀನಿ. ಎರಡ ಈಗ, ಎರಡ ದೀಪಾವಳಿಗೆ ಅಂತ ಮಾಡಿದ್ರ ನಡೀತೈತೇನ್ರಿ? ಹಂಗ ಮಾಡಿದ್ರ ಹೊಸಾವು ಮುಂದ ಹಾಕಬೇಕೋ ಹಿಂದೋ? ಮನಾಲಿದು ಏನು ಮಾಡ್ಲಿ?

ಉದ್ಯಮಬಾಗ್

2.5ಕ್ಕೆ ಇಳಿದಿರುವುದರಿಂದ ನಾಲ್ಕೂ ಈಗಲೇ ಆಗಬೇಕು, ಮಳೆಗಾಲ ಇರುವುದು ದೀಪಾವಳಿಗಿಂತ ಮೊದಲು. ಎಂದಾದರೂ ಎರಡೇ ಹಾಕಿಸುವ ಪ್ರಸಂಗ ಬಂದರೆ ಹೊಸವು ಹಿಂದೆ ಇರಲಿ, ಗಾಡಿ ಫ್ರಂಟ್ ವ್ಹೀಲ್ ಆದರೂ ಸರಿ. ನೀರಿನಲ್ಲಿ ಮುಂದಿನ ಗಾಲಿ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಹಿಂದಿನದು ಜಾರಿದರೆ ಗಾಡಿ ತಿರುಗಿಬಿಡುತ್ತದೆ, ಘಾಟಿನ ತಿರುವಿನಲ್ಲಿ ಅದನ್ನು ಸರಿಪಡಿಸಲು ಜಾಗ ಇರುವುದಿಲ್ಲ. ಆಮೇಲೆ 8,000ದಿಂದ 10,000 ಕಿ.ಮೀ.ಗೊಮ್ಮೆ ರೊಟೇಷನ್, ಅಂದರೆ ಟೈರುಗಳ ಜಾಗ ಬದಲಿಸುವುದು. ಟ್ರೆಡ್ ಮೇಲೆ ಬಾಣದ ಗುರುತಿದ್ದರೆ ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ.

ಕಿಲ್ಲಾಕೆರೆ

ಮನಾಲಿಯ ಬಗ್ಗೆ ನಾನು ಹೇಳುತ್ತೇನೆ. ಬೆಳಗಾವಿಯಿಂದ ಅಲ್ಲಿಗೆ 2,000 ಕಿ.ಮೀ.ಗೂ ಹೆಚ್ಚು, ಅದರಲ್ಲಿ ಹಿಮ ಸಿಗುವುದು ಕೊನೆಯ ಕೆಲವು ಕಿ.ಮೀ. ಮಾತ್ರ. ಅಷ್ಟಕ್ಕಾಗಿ ಉಳಿದ ದಾರಿಯೆಲ್ಲ ಮೆತ್ತನೆಯ ಟೈರ್ ಸವೆಸುವುದು ಬೇಡ. ಹೊಸ ರೋಡ್ ಟೈರ್ ಜೊತೆಗೆ ನಿಮ್ಮ ಸೈಜಿನ ಹಿಮದ ಚೈನ್ ಒಯ್ಯಿರಿ. ವಿಂಟರ್ ಟೈರ್ ಹಿಮದಲ್ಲಿ ನಿಜವಾಗಿಯೂ ಕೆಲಸ ಮಾಡುತ್ತದೆ. ಟ್ರೆಡ್‌ನಲ್ಲಿರುವ ನೂರಾರು ತೆಳು ಸೀಳುಗಳಲ್ಲಿ ಹಿಮ ಸೇರಿಕೊಂಡು ನೆಲದ ಹಿಮವನ್ನೇ ಹಿಡಿಯುತ್ತದೆ. ನೋಕಿಯನ್ 1934ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಮೊದಲ ವಿಂಟರ್ ಟೈರ್ ಮಾಡಿದ್ದು ತಿಂಗಳುಗಟ್ಟಲೆ ಹಿಮ ಮುಚ್ಚಿರುವ ರಸ್ತೆಗಳಿಗೆ. ವರ್ಷಕ್ಕೊಮ್ಮೆ ಹೋಗಿಬರುವವರ ಲೆಕ್ಕ ಬೇರೆ.

ಚೈನ್ ಕೊಳ್ಳುವ ಮೊದಲು ಗಾಡಿಯ ಪುಸ್ತಕ ನೋಡಿ, ಗಾಲಿ ಮತ್ತು ಸಸ್ಪೆನ್ಷನ್ ನಡುವೆ ಜಾಗ ಕಡಿಮೆ ಇರುವ ಗಾಡಿಗಳಿಗೆ ತೆಳು ಕೊಂಡಿಯದೇ ಆಗಬೇಕು. ನಿಮ್ಮದು ಫ್ರಂಟ್ ವ್ಹೀಲ್, ಹಾಗಾಗಿ ಮುಂದಿನ ಎರಡಕ್ಕೆ. ಚೈನನ್ನು ಗಾಲಿಯ ಹಿಂದಿನಿಂದ ಹಾಯಿಸಿ, ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು, ಬಳಿಕ ಬಿಗಿ ಮಾಡುವುದು. 50 ಮೀಟರ್ ಓಡಿಸಿ ಮತ್ತೆ ಬಿಗಿ ಮಾಡಿ. ಇದನ್ನು ಬೆಳಗಾವಿಯಲ್ಲೇ ಮನೆ ಮುಂದೆ ಎರಡು ಸಲ ಹಾಕಿ ಬಿಚ್ಚಿ ಕಲಿತುಕೊಳ್ಳಿ, ಅಲ್ಲಿ ಕೈ ಮರಗಟ್ಟಿದಾಗ ಕೊಕ್ಕೆ ಸಿಗುವುದಿಲ್ಲ. ವೇಗ 40ರ ಒಳಗೆ. ಖಾಲಿ ಡಾಂಬರು ಬಂದ ತಕ್ಷಣ ಬಿಚ್ಚಬೇಕು, ಇಲ್ಲವಾದರೆ ಚೈನ್ ಹರಿದು ಫೆಂಡರ್ ಸೀಳುತ್ತದೆ.

ಮುಂದೆ ಮಾತ್ರ ಚೈನ್ ಇರುವುದರಿಂದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರಿ ಅಡ್ಡ ಬರುತ್ತದೆ. ಮೊದಲ ಅಥವಾ ಎರಡನೇ ಗೇರಿನಲ್ಲಿ ಇಂಜಿನ್ನೇ ತಡೆಯಲಿ. ನೆರಳಿನ ತಿರುವಿನಲ್ಲಿ ರಸ್ತೆ ಬರೀ ಒದ್ದೆಯಂತೆ ಕಂಡರೂ ಅದು ಗಾಜಿನಂಥ ಮಂಜುಗಡ್ಡೆ ಇರಬಹುದು. ಟೈರಿನ ನೀರಿನ ಸದ್ದು ಇದ್ದಕ್ಕಿದ್ದಂತೆ ನಿಂತರೆ ಅದೇ ಗುರುತು, ಆಗ ಬ್ರೇಕೂ ಬೇಡ, ಸ್ಟೇರಿಂಗ್ ತಿರುಗಿಸುವುದೂ ಬೇಡ. ಹಿಮ ಬಿದ್ದ ದಿನ ಸೋಲಂಗ್ ಮತ್ತು ಅಟಲ್ ಸುರಂಗದ ಕಡೆ ಪೊಲೀಸರು ಫೋರ್ ಬೈ ಫೋರ್ ಅಥವಾ ಚೈನ್ ಹಾಕಿದ ಗಾಡಿಗಳನ್ನಷ್ಟೇ ಬಿಡುವುದು ರೂಢಿ. ನಿಲ್ಲಿಸಿದರೆ ವಾದ ಮಾಡದೆ ಅಲ್ಲಿನ ಟ್ಯಾಕ್ಸಿ ಹಿಡಿಯಿರಿ.

ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ, ಒದ್ದೆಯಾದ ಬ್ರೇಕ್ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಇಲ್ಲಿ ತುಂಬಿಸಿದ ಹವಾ ಅಲ್ಲಿ ಸೊನ್ನೆ ಡಿಗ್ರಿಯಲ್ಲಿ ಇಳಿದಿರಬಹುದು, ತಂಪಿನಲ್ಲೇ ನೋಡಿ ಸರಿಮಾಡಿ. ವಾಪಸ್ ಬರುವಾಗ ಬಯಲಿಗೆ ಇಳಿದ ಮೊದಲ ಬೆಳಗ್ಗೆ ಮತ್ತೊಮ್ಮೆ ಗೇಜ್ ಹಿಡಿದು ಸ್ಟಿಕರ್ ಅಂಕಿಗೆ ತನ್ನಿ, ಸ್ಟೆಪ್ನಿಯನ್ನೂ ಸೇರಿಸಿ.