ಯೂಸಬಿಲಿಟಿ, ಆಕ್ಸೆಸಿಬಿಲಿಟಿ: ಶಾಲೆಯ ಜಾಲತಾಣ ಪರಿಶೀಲನೆಗೆ ಕನ್ನಡ ಪದಗಳು ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಶಾಲೆಗಳ ಜಾಲತಾಣ ಹೇಗಿದೆ ಎಂದು ಶಿಕ್ಷಕರೂ ಪೋಷಕರೂ ತಾವೇ ಪರಿಶೀಲಿಸಿ ತುಂಬಬಹುದಾದ ಕನ್ನಡ ನಮೂನೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಎರಡು ಮುಖ್ಯ ತಲೆಬರಹಗಳಿಗೇ ಒಪ್ಪುವ ಪದ ಸಿಗುತ್ತಿಲ್ಲ.

ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಯೂಸಬಿಲಿಟಿಗೆ ಮೂರು ಅಳತೆ: ಬಂದವರ ಕೆಲಸ ಆಯಿತೇ, ಎಷ್ಟು ಶ್ರಮದಲ್ಲಿ ಆಯಿತು, ಅವರಿಗೆ ತೃಪ್ತಿಯಾಯಿತೇ. ಪರೀಕ್ಷೆಯ ವೇಳಾಪಟ್ಟಿಗಾಗಿ ತಾಯಿಯೊಬ್ಬರು ಮೆನುವಿನಿಂದ ಮೆನುವಿಗೆ ಅಲೆದರೆ ಅದು ಇಲ್ಲಿಯ ಕೊರತೆ. ಕಣ್ಣು ಕಾಣದವರು, ಮೌಸ್ ಹಿಡಿಯಲಾಗದವರು ಅದೇ ವೇಳಾಪಟ್ಟಿಯನ್ನು ತಲುಪಬಲ್ಲರೇ ಎಂಬುದು ಆಕ್ಸೆಸಿಬಿಲಿಟಿಯ ಪ್ರಶ್ನೆ. ಇದಕ್ಕೆ ಡಬ್ಲ್ಯೂಸಿಎಜಿ (ವೆಬ್ ಕಂಟೆಂಟ್ ಆಕ್ಸೆಸಿಬಿಲಿಟಿ ಗೈಡ್ಲೈನ್ಸ್) ಎಂಬ ಮಾರ್ಗಸೂಚಿಯಿದೆ, 2.2ನೇ ಆವೃತ್ತಿ 2023ರಲ್ಲಿ ಬಂತು. ಅದರ ಮೂರು ಹಂತಗಳಲ್ಲಿ ನಡುವಿನದಾದ ಎಎ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಬೇಕು.

ಕನ್ನಡದಲ್ಲಿ ತೊಡಕು ಇನ್ನೂ ಹೆಚ್ಚು. ಸ್ಕ್ಯಾನ್ ಮಾಡಿ ಏರಿಸಿದ ಸುತ್ತೋಲೆ, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದಾದರೆ, ನಮ್ಮ ಕಣ್ಣಿಗೆ ‘ಶಾಲೆ’ ಎಂದೇ ಕಂಡರೂ ಒಳಗಿರುವುದು ಪ್ಲಸ್-ಮೈನಸ್ ಚಿಹ್ನೆ ಮತ್ತು ಗುರುತು ಹಾಕಿದ ರೋಮನ್ ಅಕ್ಷರಗಳು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಕೇಳುವ ಮಗುವಿಗೆ ಒಂದಕ್ಷರವೂ ತಿಳಿಯದು. ನಮೂನೆಯಲ್ಲಿ ಈ ಅಂಶವನ್ನೇ ಮೊದಲಿಗೆ ಇಟ್ಟಿದ್ದೇನೆ.

ಇನ್ನು ಪದಗಳು. ಯೂಸಬಿಲಿಟಿಗೆ ‘ಉಪಯುಕ್ತತೆ’ ಸಲ್ಲದು, ಮಾಹಿತಿ ಉಪಯುಕ್ತವಾಗಿದ್ದೂ ತಾಣ ಬಳಸಲು ಕಷ್ಟವಾಗಿರಬಹುದು. ‘ಬಳಕೆಯೋಗ್ಯತೆ’ ಕೇಳಿದರೆ ಕೆಟ್ಟಿಲ್ಲ, ಬಳಸಬಹುದು ಎಂಬಷ್ಟೇ ಅರ್ಥ ಬರುತ್ತದೆ. ‘ಬಳಕೆಯ ಸಲೀಸು’ ನನಗೆ ಹಿಡಿಸಿದೆ.

ಆಕ್ಸೆಸಿಬಿಲಿಟಿಗೆ ‘ಪ್ರವೇಶಸಾಧ್ಯತೆ’, ‘ಪ್ರವೇಶಿಸುವಿಕೆ’ ಎಂದು ಬರೆಯುವವರಿದ್ದಾರೆ. ಶಾಲೆಯ ಮಟ್ಟಿಗೆ ಇವು ಖಂಡಿತ ಬೇಡ. ಅಲ್ಲಿ ಪ್ರವೇಶ ಎಂದರೆ ದಾಖಲಾತಿ. ‘ಪ್ರವೇಶಸಾಧ್ಯತೆ’ ಓದಿದ ಪೋಷಕರು ಸೀಟು ಸಿಗುತ್ತದೆಯೇ ಎಂದೇ ಕೇಳುತ್ತಾರೆ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರ ಆರಂಭಿಸಿದ 2015ರ ಸುಗಮ್ಯ ಭಾರತ ಅಭಿಯಾನದಿಂದ ‘ಸುಗಮ್ಯತೆ’ ಬಂದಿದೆ. ಆದರೆ ನಮಗೆ ಸುಗಮ ಎಂದರೆ ಸಲೀಸು, ಹಾಗಾಗಿ ಅದು ಯೂಸಬಿಲಿಟಿಯ ಅರ್ಥಕ್ಕೇ ಜಾರುತ್ತದೆ.

ನನ್ನ ಒಲವು ‘ಎಟುಕು’ ಕಡೆಗೆ. ‘ಎಟುಕುವ ಪುಟ’, ‘ಎಟುಕದ ಪಿಡಿಎಫ್’ ಎಂದು ಎರಡೂ ಬಗೆಯಲ್ಲಿ ಹೇಳಬಹುದು. ‘ಕೈಗೆಟುಕುವ ಬೆಲೆ’ಯ ನೆನಪು ಅಡ್ಡ ಬಂದೀತು, ಆದರೆ ‘ಕೈಗೆ’ ಬಿಟ್ಟರೆ ಆ ಗೊಂದಲ ಅಷ್ಟಿಲ್ಲ. ನಾಮಪದ ಏನಾಗಬೇಕು, ‘ಎಟುಕುವಿಕೆ’ಯೋ ‘ಎಟುಕುತನ’ವೋ? ಸ್ಕ್ರೀನ್ ರೀಡರ್ ಬಳಸುವ ಗೆಳೆಯರು ಬಳಗದಲ್ಲಿದ್ದರೆ, ನಿಮ್ಮ ನಿಮ್ಮ ಮಾತುಕತೆಯಲ್ಲಿ ಯಾವ ಪದ ಓಡಾಡುತ್ತಿದೆ ಎಂದು ದಯವಿಟ್ಟು ತಿಳಿಸಿ. ಅದು ಇಂಗ್ಲಿಷ್ ಪದವೇ ಆಗಿದ್ದರೂ ಹಾಗೆಯೇ ಬರೆಯಿರಿ.