ಎರಡನೇ ಹಾರ್ಡ್ ಡಿಸ್ಕ್ ಹಾಕಿದೆ, ಕಾಣಿಸ್ತಾನೇ ಇಲ್ಲ!

ಪ್ರಶ್ನೆ: ನಮಸ್ಕಾರ ಸರ್. ಡೆಸ್ಕ್‌ಟಾಪ್‌ಗೆ ಹೊಸ 4 ಟಿಬಿ ಹಾರ್ಡ್ ಡಿಸ್ಕ್ ತಂದು ನಾನೇ ಹಾಕಿದೆ. ಪವರ್ ಕೇಬಲ್, ಸಾಟಾ (ಡೇಟಾ) ಕೇಬಲ್ ಎರಡೂ ಗಟ್ಟಿಯಾಗಿ ಕೂತಿವೆ. ಕಿವಿ ಕೊಟ್ಟರೆ ತಿರುಗುವ ಸದ್ದೂ ಬರುತ್ತದೆ. ಆದರೆ ‘ದಿಸ್ ಪಿಸಿ’ ತೆರೆದರೆ ಹಳೆಯ ಸಿ, ಡಿ ಮಾತ್ರ. ಕೇಬಲ್ ಬದಲಾಯಿಸಿದ್ದೂ ಆಯಿತು. ವಾಪಸ್ ಕೊಟ್ಟುಬಿಡಲಾ?

ಉತ್ತರ: ಅವಸರ ಬೇಡ. ಮೊದಲು ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ, ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಡಿಸ್ಕ್‌ನ ಹೆಸರು ಬರುತ್ತಾ ನೋಡಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಬಯೋಸ್ ತೆರೆಯುತ್ತದೆ. ಹೆಸರು ಇದ್ದರೆ ಕ್ಯಾಬಿನೆಟ್ ಮತ್ತೆ ಬಿಚ್ಚಬೇಡಿ, ಉಳಿದಿರುವುದು ವಿಂಡೋಸ್ ಕೆಲಸ. ಹೆಸರೇ ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಎಷ್ಟು ತಡಕಾಡಿದರೂ ಏನೂ ಸಿಗುವುದಿಲ್ಲ, ತೊಂದರೆ ಕೇಬಲ್ಲು, ಪೋರ್ಟು ಅಥವಾ ಡಿಸ್ಕಿನಲ್ಲೇ ಇರುತ್ತದೆ. ಇದೊಂದನ್ನು ನೋಡದೆ ದಿನವಿಡೀ ಸ್ಕ್ರೂ ಬಿಚ್ಚಿ ಹಾಕುವವರೇ ಜಾಸ್ತಿ.

ನಿಮ್ಮದು ಮೊದಲನೆಯ ಬಗೆ ಅಂತ ನನ್ನ ಊಹೆ. ಹೊಸ ಡಿಸ್ಕ್ ಸಾಮಾನ್ಯವಾಗಿ ಪೂರ್ತಿ ಖಾಲಿ ಬರುತ್ತದೆ, ಪಾರ್ಟಿಷನ್, ಅಂದರೆ ಫೈಲ್ ಇಡಲು ಗುರುತು ಮಾಡಿದ ಭಾಗ, ಇರುವುದಿಲ್ಲ. ಹಾಗಾಗಿ ವಿಂಡೋಸ್ ಅದಕ್ಕೆ ಸಿ, ಡಿ ಥರದ ಡ್ರೈವ್ ಲೆಟರ್ ಕೊಡುವುದಿಲ್ಲ, ಲೆಟರ್ ಇಲ್ಲದ್ದು ‘ದಿಸ್ ಪಿಸಿ’ಯಲ್ಲಿ ಕಾಣುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗೆ ‘ನಾಟ್ ಇನಿಶಿಯಲೈಸ್ಡ್’ ಅಂತ ಒಂದು ಡಿಸ್ಕ್, ಪಕ್ಕದಲ್ಲಿ ಕಪ್ಪು ಪಟ್ಟಿ ಇರುತ್ತದೆ. ಅಳತೆ ನೋಡಿ ಅದು ಹೊಸ ಡಿಸ್ಕೇ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಇನಿಶಿಯಲೈಸ್ ಮಾಡಿ, ಅಂದರೆ ಬಳಕೆಗೆ ಸಿದ್ಧಮಾಡಿ. ಡಿಸ್ಕಿನ ಭಾಗಗಳ ಲೆಕ್ಕ ಇಡುವ ಪದ್ಧತಿಗೆ ಎಂಬಿಆರ್, ಜಿಪಿಟಿ ಅಂತ ಎರಡು ಆಯ್ಕೆ ಕೇಳುತ್ತದೆ, ಜಿಪಿಟಿ ಆರಿಸಿ. ಎಂಬಿಆರ್‌ನಲ್ಲಿ ಸುಮಾರು 2 ಟಿಬಿ ದಾಟಿದ ಜಾಗವನ್ನು ಬಳಸಲು ಆಗುವುದಿಲ್ಲ, ನಿಮ್ಮ ಡಿಸ್ಕಿನ ಅರ್ಧ ದಂಡವಾಗುತ್ತದೆ. ಕೊನೆಗೆ ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಡಿ. ಫೈಲ್ ಸಿಸ್ಟಂ (ಫೈಲ್ ಜೋಡಿಸಿಡುವ ವಿಧಾನ) ಕೇಳಿದಾಗ ಎನ್‌ಟಿಎಫ್‌ಎಸ್, ಜೊತೆಗೆ ಕ್ವಿಕ್ ಫಾರ್ಮ್ಯಾಟ್ ಸಾಕು.

ಪ್ರಶ್ನೆ ಕೇಳಿದವರು: ಬಂತು ಸರ್! ಆದರೆ 3.63 ಟಿಬಿ ಅಂತಿದೆ. ಮಿಕ್ಕಿದ್ದು ಎಲ್ಲಿ ಹೋಯಿತು?

ಉತ್ತರ: ಎಲ್ಲೂ ಹೋಗಿಲ್ಲ. ಕಂಪನಿಯವರು 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್ ಅಂತ ಎಣಿಸುತ್ತಾರೆ, ವಿಂಡೋಸ್ ಸಾವಿರದ ಬದಲು 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಷ್ಟೇ ವ್ಯತ್ಯಾಸ.

ಇನ್ನೊಬ್ಬ ಸದಸ್ಯರು: ನನ್ನದು ಬಯೋಸ್‌ನಲ್ಲೇ ಇಲ್ಲ ಸರ್. ಬೋರ್ಡ್ ಮೇಲೆ ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ನೇರವಾಗಿ ಕೂರುವ ಚಿಪ್ ಡಿಸ್ಕ್) ಒಂದಿದೆ. ಹಾರ್ಡ್ ಡಿಸ್ಕ್ ತಿರುಗುವುದು ಕೈಗೆ ತಿಳಿಯುತ್ತದೆ.

ಉತ್ತರ: ತಿರುಗುತ್ತಿದೆ ಅಂದರೆ ಪವರ್ ತಲುಪುತ್ತಿದೆ. ಹಾಗಾದರೆ ಸಾಟಾ ಪೋರ್ಟ್ ಮೇಲೆ ಅನುಮಾನ. ಹಲವು ಬೋರ್ಡ್‌ಗಳಲ್ಲಿ ಎಂ.2 ಜಾಗ ತುಂಬಿದರೆ ಒಂದೆರಡು ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತವೆ. ಯಾವ ಪೋರ್ಟ್ ಅನ್ನುವುದು ಬೋರ್ಡಿನ ಮ್ಯಾನುಯಲ್‌ನಲ್ಲಿರುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ ನೋಡಿ.

ಪವರ್ ಕೇಬಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕೇಬಲ್ ಬಿಚ್ಚಿ ತೆಗೆಯಬಹುದಾದ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಪವರ್ ಕೊಡುವ ಪೆಟ್ಟಿಗೆ) ನಿಮ್ಮದಾಗಿದ್ದರೆ ಅದರ ಜೊತೆ ಬಂದ ಕೇಬಲನ್ನೇ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ನೋಡಲು ಒಂದೇ ಥರ ಇರಬಹುದು, ಸಲೀಸಾಗಿ ಕೂರಲೂಬಹುದು. ಒಳಗಿನ ವೈರ್‌ಗಳ ಜಾಗ ಬೇರೆ ಇದ್ದರೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ, ಆನ್ ಮಾಡಿದ ಕ್ಷಣವೇ ಡಿಸ್ಕ್ ಸುಟ್ಟುಹೋಗುತ್ತದೆ. ಡೇಟಾ ಕೇಬಲ್‌ಗೆ ಈ ಭಯ ಇಲ್ಲ, ಯಾವುದಾದರೂ ನಡೆಯುತ್ತದೆ.

ಮತ್ತೊಬ್ಬ ಸದಸ್ಯರು: ಸರ್, ನಾನು ಹಳೇ ಕಂಪ್ಯೂಟರಿನ ಡಿಸ್ಕ್ ತೆಗೆದು ಇದಕ್ಕೆ ಹಾಕಬೇಕು ಅಂತಿದ್ದೇನೆ. ತುಂಬಾ ಫೋಟೋ ಇವೆ. ಅದನ್ನೂ ಇನಿಶಿಯಲೈಸ್ ಮಾಡಬೇಕಾ?

ಉತ್ತರ: ಬೇಡವೇ ಬೇಡ! ಮೇಲೆ ಹೇಳಿದ್ದು ಖಾಲಿ ಡಿಸ್ಕಿಗೆ ಮಾತ್ರ. ಫೋಟೋ ಇರುವ ಡಿಸ್ಕ್ ಹಾಕಿದಾಗ ‘ಇನಿಶಿಯಲೈಸ್ ಮಾಡಿ’, ‘ಫಾರ್ಮ್ಯಾಟ್ ಮಾಡಿ’ ಅಂತ ಏನೇ ಕೇಳಿದರೂ ಕ್ಯಾನ್ಸಲ್ ಒತ್ತಿ. ಹೆಚ್ಚಿನ ಸಲ ಅದು ನೇರವಾಗಿ ಕಾಣಿಸಿಕೊಳ್ಳುತ್ತದೆ. ಕಾಣದಿದ್ದರೂ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಷನ್ ಸರಿಯಾಗಿದ್ದರೆ ಒಂದು ಡ್ರೈವ್ ಲೆಟರ್ ಕೊಟ್ಟರೆ ಸಾಕು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದ್ದರೆ ಅದರ ರಿಕವರಿ ಕೀ ಮೊದಲೇ ಹುಡುಕಿಟ್ಟುಕೊಳ್ಳಿ. ಇನ್ನು, ಹಳೇ ಡಿಸ್ಕಲ್ಲೂ ವಿಂಡೋಸ್ ಇದ್ದರೆ ಕಂಪ್ಯೂಟರ್ ಅದರಿಂದಲೇ ಶುರುವಾಗಲು ನೋಡಬಹುದು. ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಈಗಿನ ಡಿಸ್ಕನ್ನು ಮೇಲಕ್ಕೆ ತನ್ನಿ.

ಅದೇ ಸದಸ್ಯರು: ಸ್ಕ್ರೂ ಹಾಕದೆ ಸುಮ್ನೆ ಕ್ಯಾಬಿನೆಟ್ ತಳದಲ್ಲಿ ಇಟ್ಟರೆ ನಡೆಯುತ್ತಾ?

ಉತ್ತರ: ಎಸ್‌ಎಸ್‌ಡಿ ಆಗಿದ್ದರೆ ನಡೆಯುತ್ತಿತ್ತು, ಅದರೊಳಗೆ ತಿರುಗುವ ಭಾಗ ಇಲ್ಲ. ಹಾರ್ಡ್ ಡಿಸ್ಕ್ ಹಾಗಲ್ಲ. ಅಲುಗಾಡಿದರೆ ಒಳಗೆ ಡೇಟಾ ಓದಿ ಬರೆಯುವ ಹೆಡ್‌ಗೆ ಪೆಟ್ಟು. ನಾಲ್ಕು ಸ್ಕ್ರೂ ಸಿಗದಿದ್ದರೆ ಎರಡಾದರೂ ಹಾಕಿ, ಒಂದೊಂದು ಬದಿಗೆ ಒಂದೊಂದು.